ನೆಲ ಸಿಗದ ತಂತಿ

ಹೆಡ್ವಿಗ್ ಬಂದಾಗ ಹೊರಗೆ ಮೈನಸ್ ಇಪ್ಪತ್ತೊಂಬತ್ತು.
ಕಾರು ಒಳಗೆ ತರಿಸಿ ಷಟರ್ ಎಳೆದೆ.
ಚಕ್ರದ ಸಂದಿಯ ಹಿಮ ಕರಗಿ ತೊಟ್ಟಿಕ್ಕತೊಡಗಿತು.
ಸ್ಟೂಲಿನ ಮೇಲೆ ಕೂತು ಬಲಮಂಡಿ ನೀವಿಕೊಳ್ಳುತ್ತ ಅಂದಳು:
"ಕ್ರೂಸ್ ಹಿಡಿಯುತ್ತಿಲ್ಲ, ಡಾರಿನಾ.
ಗುಂಡಿ ಒತ್ತುತ್ತೇನೆ.
ಯಾರೂ ಇಲ್ಲದ ಮನೆಯ ಬಾಗಿಲು ತಟ್ಟಿದ ಹಾಗಿರುತ್ತದೆ."

ವಾರಕ್ಕೆ ಮೂರು ಸಲ ರೆಜೈನಾಕ್ಕೆ, ಡಯಾಲಿಸಿಸ್ಸಿಗೆ.
ಹೋಗಲು ನೂರೆಂಬತ್ತು ಕಿಲೋಮೀಟರು, ಬರಲು ಅಷ್ಟೇ,
ರೂಲುದೊಣ್ಣೆ ಇಟ್ಟು ಗೀಚಿದಂಥ ರಸ್ತೆ.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಮಂಡಿ
ಈಗ ಪೆಡಲಿನ ಮೇಲೆ ಅರ್ಧ ಗಂಟೆ ತಾಳುವುದಿಲ್ಲ.
ಅವಳಿಗೆ ಕ್ರೂಸ್ ಶೋಕಿಯಲ್ಲ. ಇನ್ನೊಂದು ಕಾಲು.

ಫ್ಯೂಸು ತೆಗೆದು ಬೆಳಕಿಗೆ ಹಿಡಿದೆ. ಸುಟ್ಟಿಲ್ಲ.
ಹಾರ್ನ್ ಒತ್ತಿದೆ, ಕೂಗಿತು,
ಅಲ್ಲಿಗೆ ಸ್ಟಿಯರಿಂಗಿನೊಳಗೆ ಸುರುಳಿ ಸುತ್ತಿದ ತಂತಿ ತುಂಡಾಗಿಲ್ಲ.
ಥ್ರಾಟಲ್ ಕೇಬಲ್ಲು ಸಡಿಲವಿಲ್ಲ.
ಬ್ರೇಕ್ ಒತ್ತಿದರೆ ಹಿಂದಿನ ಗೋಡೆ ಕೆಂಪಾಯಿತು,
ಮೂರೂ ದೀಪ, ಕಣ್ಣು ಕುಕ್ಕುವಷ್ಟು.
ಎಲ್ಲ ಸರಿಯಿದ್ದೂ ಯಾವುದೋ ಸರಿಯಿಲ್ಲ.
ಇಂಥ ಹೊತ್ತಲ್ಲೇ ಕಾಫಿ ಆರಿಹೋಗುವುದು.

ಡ್ಯಾಶ್‌ಬೋರ್ಡಿನ ಕೆಳಗೆ ಬೆನ್ನು ಕೊಟ್ಟು ಮಲಗಿ
ತಿಳಿಹಸಿರು ತಂತಿಗೆ ಮೀಟರಿನ ಮೊನೆ ಚುಚ್ಚಿದೆ.
ಇನ್ನೊಂದು ಮೊನೆ ಕಾರಿನ ಕಬ್ಬಿಣಕ್ಕೆ.
ಒಂದೆರಡು ಓಮ್ ತೋರಬೇಕಿತ್ತು.
ಮುಳ್ಳು ಮಲಗಿದ್ದಲ್ಲಿಂದ ಮೇಲೇಳಲಿಲ್ಲ.

ಈ ಹಳೆಯ ಪೆಟ್ಟಿಗೆ ಬಲು ಅನುಮಾನದ್ದು.
ಓಡುವ ಮುನ್ನ ಒಂದು ತಂತಿ ಹಿಡಿದು ಹಿಂದಕ್ಕೆ ಹೋಗುತ್ತದೆ,
ಆರಿದ ಬ್ರೇಕ್ ದೀಪದ ಎಳೆಯೊಳಗೆ ನುಸುಳಿ
ನೆಲ ಮುಟ್ಟಿ ನೋಡುತ್ತದೆ.
ಸಿಕ್ಕರೆ, ಕಾಲು ಬ್ರೇಕಿನ ಮೇಲಿಲ್ಲ ಎಂದು ನಂಬುತ್ತದೆ.
ಸಿಗದಿದ್ದರೆ ತುಟಿ ಪಿಟಕ್ಕೆನ್ನುವುದಿಲ್ಲ.
ಬಲ್ಬು ಉರಿಯದಿರುವಾಗಲೂ
ಅದಕ್ಕೊಂದು ಕೆಲಸವಿತ್ತು.

"ಹಿಂದಿನ ಬಲ್ಬು ಯಾರಾದರೂ ಬದಲಿಸಿದರಾ?"

ಹೆಡ್ವಿಗ್ ಮಂಡಿ ನೀವುವುದನ್ನು ನಿಲ್ಲಿಸಿದಳು.
"ಕೊರ್ನೆಲ್. ಎದುರುಮನೆಯವನು.
ನನ್ನ ಹುಟ್ಟುಹಬ್ಬಕ್ಕೆ ಎಲ್‌ಇಡಿ ತಂದು ತಾನೇ ಹಾಕಿದ.
ನಸುಕಿನಲ್ಲಿ ಹೊರಡುತ್ತೀಯ, ದೂರದಿಂದ ಕಾಣಲಿ ಅಂದ."

ಎಲ್‌ಇಡಿಯೊಳಗೆ ಆ ಎಳೆಯಿಲ್ಲ, ಎಂದೆ.
ಅವು ಚೆನ್ನಾಗಿ ಬೆಳಗುತ್ತವೆ, ದಾರಿ ಬಿಡುವುದಿಲ್ಲ.
ಮೂರನ್ನೂ ತೆಗೆದು ಹಳೆಯವನ್ನೇ ಹಾಕಲೇ?

ಅವಳು ಬಹಳ ಹೊತ್ತು ಟಯರಿನ ರಾಶಿ ನೋಡುತ್ತಿದ್ದಳು.
"ನಾಲ್ಕೂವರೆಗೆ ನಾನು ಹೊರಟಾಗ
ಅವನ ಅಡುಗೆಮನೆಯ ದೀಪ ಹತ್ತಿರುತ್ತದೆ.
ಪರದೆ ಸ್ವಲ್ಪ ಸರಿದಿರುತ್ತದೆ.
ಮೂಲೆಯಲ್ಲಿ ಬ್ರೇಕ್ ಒತ್ತಿದರೆ ಅಲ್ಲಿಗೆ ಕಾಣಿಸುತ್ತದೆ.
ಅವನಿಗೇನೂ ಹೇಳಬೇಡ."

ಒಂದೇ ಒಂದು ಎಳೆ ಸಾಕು ಪೆಟ್ಟಿಗೆಗೆ.
ಎಡಬಲದ ಎರಡನ್ನು ಮುಟ್ಟಲಿಲ್ಲ.
ಹಿಂದಿನ ಗಾಜಿನ ನಡುವಿನ ದೀಪ ಬಿಚ್ಚಿ,
ಹೊಗೆಸೊಪ್ಪಿನ ಡಬ್ಬಿಯಲ್ಲಿ ಅಪ್ಪ ಕೂಡಿಟ್ಟ ಬಲ್ಬುಗಳಲ್ಲೊಂದನ್ನು
ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದಿಲ್ಲದ್ದನ್ನು ಆರಿಸಿ, ಕೂರಿಸಿದೆ.
ಮುಳ್ಳು ಎದ್ದಿತು.

ಹಳ್ಳಿರಸ್ತೆಯಲ್ಲಿ ತೊಂಬತ್ತಕ್ಕೆ ಗುಂಡಿ ಒತ್ತಿ ಕಾಲು ತೆಗೆದೆ.
ಕಾರು ತನ್ನ ಪಾಡಿಗೆ ತಾನು ಹೊರಟಿತು.
ಎರಡೂ ಕಡೆ ಗೋಧಿಯ ಕೂಳೆ, ಅದರ ಮೇಲೆ ಬಿಳಿ.
ಏನು ಮಾಡುವುದೆಂದು ತಿಳಿಯದೆ ಕಾಲು
ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.

ಮರಳಿ ಬಂದು, ಬ್ರೇಕ್ ಒತ್ತು ಎಂದು ಅವಳನ್ನು ಕೂರಿಸಿ
ನಾನು ಹಿಂದೆ ನಿಂತೆ.
ಎರಡು ಫಕ್ಕನೆ ಹೊತ್ತಿದವು.
ನಡುವಿನದು ರೆಪ್ಪೆ ಬಡಿಯುವಷ್ಟು ತಡವಾಗಿ,
ಕೊಂಚ ಹಳದಿಗೆಂಪಾಗಿ.

"ಹತ್ತಿತಾ?" ಅಂದಳು ಒಳಗಿನಿಂದ.

"ಮೂರೂ," ಎಂದೆ.